ದಿಕ್ಕಿಲ್ಲದವರು ಸರಿ, ವಿಧವೆಯರು ಎಲ್ಲಿ?

ಕಳೆದ ತಿಂಗಳು ನಮ್ಮ ನನ್ನಿವಾಳಕ್ಕೆ ಒಂದು ಬಿಳಿ ಬೊಲೆರೊ ಬಂದಿತ್ತು. ಇಳಿದವರು ಮೂರು ಜನ. ಒಬ್ಬರು ಪಾಸ್ಟರ್, ಒಬ್ಬರು ಲೆಕ್ಕಪತ್ರ ನೋಡಿಕೊಳ್ಳುವವರು, ಮೂರನೆಯ ಹುಡುಗನ ಕೊರಳಲ್ಲಿ ದೊಡ್ಡದೊಂದು ಕ್ಯಾಮೆರಾ. ಈ ಊರಲ್ಲಿ ಭಾನುವಾರ ಚಳ್ಳಕೆರೆಗೆ ಹೋಗಿ ಸಭೆಯಲ್ಲಿ ಕೂರುವವನು ನಾನೊಬ್ಬ ಇದ್ದೇನೆ ಅಂತ ಯಾರೋ ಹೇಳಿದ್ದರಂತೆ, ಸೀದಾ ನಮ್ಮ ಮನೆಗೇ ಬಂದರು. ಚಾ ಕುಡಿದರು, ಪ್ರಾರ್ಥನೆ ಮಾಡಿದರು, ಆಮೇಲೆ ವಿಷಯಕ್ಕೆ ಬಂದರು.

"ಬ್ರದರ್, ಈ ಭಾಗದ ಮಕ್ಕಳ ಬಗ್ಗೆ ನಮಗೆ ಬಹಳ ಭಾರ ಇದೆ. ಒಂದು ಹೋಮ್ ಶುರು ಮಾಡ್ತಾ ಇದ್ದೀವಿ. ಮೂವತ್ತು ಅನಾಥ ಮಕ್ಕಳು ಬೇಕು."

ಬೇಕು!! ಚಳ್ಳಕೆರೆ ಎಣ್ಣೆ ಮಿಲ್ಲಿನವರು ಮೂವತ್ತು ಮೂಟೆ ಶೇಂಗಾ ಬೇಕು ಅಂದ ಹಾಗೆ. ಕಟ್ಟಡ ರೆಡಿ, ಬೋರ್ಡು ರೆಡಿ, ಮಂಚ ರೆಡಿ, ಇನ್ನು ಅನಾಥರು ಸಿಗುವುದೊಂದೇ ಬಾಕಿ.

ನಾನು ಆಗಲ್ಲ ಅಂದೆ. ಹೆಸರೂ ಕೊಡಲ್ಲ, ಮನೆಯೂ ತೋರಿಸಲ್ಲ, ಫೋಟೋಗೆ ಮಕ್ಕಳನ್ನ ನಿಲ್ಲಿಸಲ್ಲ ಅಂದೆ. ಪಾಸ್ಟರ್ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಬ್ರದರ್, ನಿಮ್ಮಲ್ಲಿ ಕ್ರಿಸ್ತನ ಪ್ರೀತಿ ತಣ್ಣಗಾಗಿದೆ" ಅಂದು ಎದ್ದು ಹೋದರು. ಆ ಕ್ಷಣಕ್ಕೆ ನನಗೆ ಮಾತು ಹೊರಡಲಿಲ್ಲ. (ನನ್ನ ಸ್ವಭಾವವೇ ಹಾಗೆ, ಗಾಡಿ ಹೋದ ಮೇಲೆ ಉತ್ತರ ಹೊಳೆಯುತ್ತೆ.) ಆವತ್ತು ಹೇಳಬೇಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದೆಲ್ಲ ಬರೀ ಉಪದೇಶ ಆಗುತ್ತೆ.

ಕೆಲವು ವರ್ಷಗಳ ಹಿಂದೆ ನಮ್ಮ ಕೇರಿಯಲ್ಲಿ ಒಬ್ಬ ಬೋರ್‌ವೆಲ್ ಲಾರಿಯ ಕೆಲಸಕ್ಕೆ ಹೋದವನು ಅಪಘಾತದಲ್ಲಿ ತೀರಿಕೊಂಡ. ಹೆಂಡತಿ ಆರು ತಿಂಗಳು ಕೂಲಿನಾಲಿ ಮಾಡಿದಳು, ಮಳೆ ಕೈಕೊಟ್ಟಿತು, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದಳು. ಒಬ್ಬ ಮಗ, ಒಬ್ಬಳು ಮಗಳು ಅಜ್ಜಿಯ ಹತ್ತಿರ ಉಳಿದರು. ಬೇರೆ ಜಿಲ್ಲೆಯ ಒಂದು ಮಿಷನ್ ಹೋಮಿನವರು ನನಗೆ ಪರಿಚಯವಿದ್ದರು. ಹುಡುಗನಿಗೆ ಊಟ, ಓದು ಆಗುತ್ತೆ ಅಂತ ನಾನೇ ಅಜ್ಜಿಯನ್ನು ಒಪ್ಪಿಸಿದೆ, ನಾನೇ ಬಸ್ಸು ಹತ್ತಿಸಿಕೊಂಡು ಹೋದೆ. ಅಲ್ಲೊಂದು ಫಾರಂ. ತಂದೆ: ಮೃತ. ತಾಯಿ: ಅಂತ ಒಂದು ಗೆರೆ. ಅಲ್ಲಿದ್ದವರು ಅದರಲ್ಲೂ 'ಮೃತ' ಅಂತ ಬರೆದರು. ನಾನು ತಾಯಿ ಇದ್ದಾಳಲ್ಲ ಅಂದೆ. "ತಾಯಿ ಇದ್ದಾಳೆ ಅಂದ್ರೆ ಸ್ಪಾನ್ಸರ್ ಸಿಗಲ್ಲ ಬ್ರದರ್, ಹುಡುಗನ ಒಳ್ಳೇದಕ್ಕೆ ತಾನೆ?" ಅಂದರು. ಸಾಕ್ಷಿ ಅಂತ ಇದ್ದ ಕಡೆ ನಾನು ಸಹಿ ಹಾಕಿದೆ.

ಸಾಕ್ಷಿ! ನಮ್ಮ ಸಭೆಗಳಲ್ಲಿ ದಿನಾ ಬಳಸುವ ಪದ ಅದು. ನಾನು ಹೇಳಿದ ಸಾಕ್ಷಿ ಏನೆಂದರೆ, ಬೆಂಗಳೂರಲ್ಲಿ ತಲೆ ಮೇಲೆ ಜಲ್ಲಿ ಹೊರುತ್ತಿದ್ದ ಹೆಂಗಸು ಸತ್ತಿದ್ದಾಳೆ ಅಂತ.

ಯುಗಾದಿಗೆ ಆಕೆ ಹೊಸ ಬಟ್ಟೆ ತಗೊಂಡು ಬಂದಳು. ಮಗ ಇಲ್ಲ. ಅವಳನ್ನು ಕರೆದುಕೊಂಡು ಆ ಹೋಮಿಗೆ ಹೋದೆ. ಗೇಟಿನಲ್ಲಿ "ಯಾರು ನೀವು?" ಅಂದರು. ತಾಯಿ ಅಂದಳು. ಅವರ ರೆಕಾರ್ಡಿನಲ್ಲಿ ತಾಯಿ ಸತ್ತಿದ್ದಾಳೆ! ಕೊನೆಗೆ 'ಚಿಕ್ಕಮ್ಮ' ಅಂತ ಪುಸ್ತಕದಲ್ಲಿ ಬರೆದು ಅರ್ಧ ಗಂಟೆ ಮಾತಾಡಿಸಲು ಬಿಟ್ಟರು. ಆಫೀಸಿನ ಗೋಡೆಯ ಮೇಲೆ ಹುಡುಗನ ಫೋಟೋ ಇದ್ದ ಒಂದು ಪಾಂಪ್ಲೆಟ್ ಅಂಟಿಸಿದ್ದರು. ಆಕೆಗೆ ಓದಲು ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು. ಏನು ಬರೆದಿದೆ ಅಂತ ಕೇಳಿದಳು. ಚೆನ್ನಾಗಿ ಓದ್ತಾನೆ ಅಂತ ಬರೆದಿದೆ ಅಂದೆ.

ನಾಲ್ಕು ವರ್ಷಕ್ಕೆ ಹೊರಗಿನ ದುಡ್ಡು ನಿಂತಿತು, ಹೋಮು ಮುಚ್ಚಿತು, ಹುಡುಗ ಒಂದು ಬ್ಯಾಗು ಹಿಡಿದು ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದ. ನ್ಯಾಯವಾಗಿ ಹೇಳಬೇಕು, ಅಲ್ಲಿ ಅವನನ್ನು ಯಾರೂ ಹೊಡೆದಿರಲಿಲ್ಲ, ಹೊಟ್ಟೆಗೆ ಚೆನ್ನಾಗಿಯೇ ಹಾಕಿದ್ದರು, ಮೈಕೈ ತುಂಬಿಕೊಂಡಿದ್ದ. ಆದರೆ ಮನೆದೇವರ ಹೆಸರು ಹೋಗಿ ಬೈಬಲ್ಲಿನ ಹೆಸರು ಬಂದಿತ್ತು. ಅವರ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ (ಆಂಧ್ರದ ಗಡಿಯ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಾಗೇ). ಅಜ್ಜಿ ತೆಲುಗಲ್ಲಿ ಕೇಳುತ್ತಿದ್ದಳು, ಅವನು ಕನ್ನಡದಲ್ಲಿ ಒಂದೊಂದೇ ಮಾತು ಉತ್ತರ ಕೊಡುತ್ತಿದ್ದ. ತಂಗಿ ಕಂಬದ ಹಿಂದೆ ನಿಂತು ಯಾರೋ ನೆಂಟರು ಬಂದ ಹಾಗೆ ನೋಡುತ್ತಿದ್ದಳು. ಅಜ್ಜಿ ನನಗೆ ಬೈಯಲಿಲ್ಲ. "ಹೊಟ್ಟೆಗೈತೆ ಅಂದ್ರೆ ನಾನ್ಯಾಕಪ್ಪ ಕಳಿಸ್ತಿದ್ದೆ" ಅಂದಳು, ಅಷ್ಟೇ.

ಆ ಮಾತನ್ನು ಇಟ್ಟುಕೊಂಡೇ ನಾನು ಬೈಬಲ್ಲನ್ನು ಮತ್ತೆ ಓದಿದ್ದು.

ಅನಾಥ ಸೇವೆಯ ವಿಷಯ ಬಂದಾಗೆಲ್ಲ ನಮ್ಮವರು ಯಾಕೋಬನ ಪತ್ರಿಕೆಯ ಮೊದಲನೆಯ ಅಧ್ಯಾಯದ ಕೊನೆಯ ವಾಕ್ಯ ಎತ್ತುತ್ತಾರೆ. ಶುದ್ಧವಾದ ಭಕ್ತಿ ಯಾವುದು ಅಂತ ಹೇಳುವ ಮಾತು ಅದು. ಬೋರ್ಡುಗಳ ಮೇಲೆ, ಲೆಟರ್‌ಹೆಡ್ ಮೇಲೆ, ಜೀಪಿನ ಹಿಂದೆ ಎಲ್ಲಾ ಕಡೆ ಅದೇ. ಆದರೆ ಸ್ವಾಮಿ, ಪೂರ್ತಿ ಓದಿ. ಅಲ್ಲಿ ದಿಕ್ಕಿಲ್ಲದ ಮಕ್ಕಳ ಜೊತೆಗೇ ವಿಧವೆಯರೂ ಇದ್ದಾರೆ, ಒಂದೇ ಉಸಿರಿನಲ್ಲಿ. ಹಳೇ ಒಡಂಬಡಿಕೆಯಲ್ಲೂ ಅಷ್ಟೇ, ಈ ಇಬ್ಬರನ್ನೂ ಮತ್ತೆ ಮತ್ತೆ ಜೋಡಿಯಾಗಿಯೇ ಹೇಳುತ್ತದೆ. ಯಾಕೆ? ಆ ಕಾಲದ ಮಾತಿನಲ್ಲಿ ಅನಾಥ ಅಂದರೆ ಮುಖ್ಯವಾಗಿ ತಂದೆಯಿಲ್ಲದ ಮಗು. ಅದರ ಪಕ್ಕದಲ್ಲಿ ನಿಂತಿರುವ ವಿಧವೆ ಬೇರೆ ಯಾರೋ ಅಲ್ಲ, ಆ ಮಗುವಿನ ಅವ್ವ! ನಾವು ಮಾಡಿದ್ದೇನು? ವಾಕ್ಯವನ್ನು ಮಧ್ಯಕ್ಕೆ ಕತ್ತರಿಸಿ ಮಗುವನ್ನು ತಗೊಂಡೆವು, ಅವ್ವನನ್ನು ಬೆಂಗಳೂರಿನ ಬಸ್ಸು ಹತ್ತಿಸಿದೆವು. ಯಾಕೆಂದರೆ ಮಗುವಿನ ಫೋಟೋಗೆ ದುಡ್ಡು ಬರುತ್ತೆ, ಮೂವತ್ತು ವರ್ಷದ ಕೂಲಿ ಹೆಂಗಸಿನ ಫೋಟೋಗೆ ಬರಲ್ಲ.

ಇನ್ನೊಂದು. ಆ ಮಾತು ಅವರನ್ನು ಅವರ ಕಷ್ಟದಲ್ಲಿ ಹೋಗಿ ವಿಚಾರಿಸಿಕೊಳ್ಳಿ ಅನ್ನುತ್ತದೆ. ಹೋಗಿ! ಎತ್ತಿಕೊಂಡು ಬನ್ನಿ ಅಂತಲ್ಲ. ಧರ್ಮೋಪದೇಶಕಾಂಡದಲ್ಲಿ ಸುಗ್ಗಿಯ ಹೊತ್ತಿಗೆ ಹೊಲದಲ್ಲಿ ಮರೆತುಬಂದ ಸಿವುಡನ್ನು ತರಲು ಹಿಂದಿರುಗಬೇಡ, ಅದು ಪರದೇಶಿಗೆ, ದಿಕ್ಕಿಲ್ಲದವರಿಗೆ, ವಿಧವೆಗೆ ಅನ್ನುವ ಅರ್ಥದ ಕಟ್ಟಳೆ ಇದೆ. ಇದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಶೇಂಗಾ ಕಿತ್ತ ಮೇಲೆ ಹಕ್ಕಲು ಆಯುವವರು ಯಾರು ಅಂತ ಎಲ್ಲರಿಗೂ ಗೊತ್ತು. ಅವ್ವ, ಮಗು ಇಬ್ಬರೂ ಒಂದೇ ಹೊಲದಲ್ಲಿ ಬಗ್ಗಿ ಆಯ್ದು, ಸಂಜೆ ಒಂದೇ ಮನೆಗೆ ಹೋಗುತ್ತಾರೆ. ದೇವರ ಕಟ್ಟಳೆ ಆ ಮನೆಯನ್ನು ಒಡೆಯಲಿಲ್ಲ.

ಹಾಗಾದರೆ ಹಿಂದಿನ ಮಿಷನರಿಗಳು ಮಾಡಿದ್ದೆಲ್ಲ ತಪ್ಪಾ ಅಂತ ಕೇಳಬಹುದು. ಅಲ್ಲ. 1876ರಿಂದ 78ರವರೆಗಿನ ಬರ ನೆನಪಿಸಿಕೊಳ್ಳಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ, 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಹೆಚ್ಚಬೇಕಿದ್ದ ಜನ ಎಂಟೂವರೆ ಲಕ್ಷಕ್ಕೂ ಮೇಲೆ ಕಡಿಮೆಯಾದರು. ನಮ್ಮ ಚಿತ್ರದುರ್ಗದ ಒಣ ಸೀಮೆಯೂ ಆ ಬೆಂಕಿಯಲ್ಲಿ ಬೆಂದದ್ದೇ. ಅವತ್ತು ದಾರಿ ಪಕ್ಕ ಬಿದ್ದಿದ್ದ ಕೂಸುಗಳಿಗೆ ಅಜ್ಜಿಯೂ ಇರಲಿಲ್ಲ, ಅವ್ವನೂ ಇರಲಿಲ್ಲ, ಎಷ್ಟೋ ಕಡೆ ಊರೇ ಇರಲಿಲ್ಲ. ವೆಸ್ಲಿಯನ್ ಮಿಷನ್ನಿನವರು ತುಮಕೂರಿನಲ್ಲಿ ಗಂಡುಮಕ್ಕಳಿಗೆ, ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಅನಾಥಾಲಯ ನಡೆಸಿದರು. ಕ್ಯಾಥೊಲಿಕ್ ಪಾದ್ರಿಗಳು ಬೆಂಗಳೂರಿನ ಹತ್ತಿರ ಸಿಲುವೆಪುರ, ಕನಕಪುರದ ಕಡೆ ಮರಿಯಾಪುರ ಅಂತ ಊರುಗಳನ್ನೇ ಕಟ್ಟಿ ಬರದ ಅನಾಥರಿಗೆ ಬೇಸಾಯ ಕಲಿಸಿ ನೆಲೆ ನಿಲ್ಲಿಸಿದರು. ಬೇರೆ ಯಾರೂ ಮುಟ್ಟದ ಮಗುವನ್ನು ಎತ್ತಿಕೊಂಡವರ ಮುಂದೆ ನಾನು ಕೈಮುಗಿಯುತ್ತೇನೆ, ಅವರ ಉದ್ದೇಶದಲ್ಲಿ ಏನೇನು ಬೆರೆತಿತ್ತೋ ಆ ಲೆಕ್ಕ ಆಮೇಲೆ. ಆದರೆ ಆ ಬರ ಮುಗಿದು ನೂರೈವತ್ತು ವರ್ಷ ಆಗುತ್ತಾ ಬಂತು. ಹೋಮುಗಳು ಮಾತ್ರ ಇನ್ನೂ ಬರಗಾಲದ ಮಕ್ಕಳನ್ನೇ ಹುಡುಕುತ್ತಿವೆ. ಸಿಗದಿದ್ದಾಗ ಫಾರಂನಲ್ಲಿ ತಯಾರು ಮಾಡುತ್ತವೆ.

ಉತ್ಪ್ರೇಕ್ಷೆ ಅನ್ನಿಸಿತೇ? ಕೇಂದ್ರ ಸರ್ಕಾರ ದೇಶದ ಮಕ್ಕಳ ಪಾಲನಾ ಸಂಸ್ಥೆಗಳನ್ನೆಲ್ಲ ಸಮೀಕ್ಷೆ ಮಾಡಿಸಿ 2018ರಲ್ಲಿ ವರದಿ ಹೊರತಂದಿತು. ಎಲ್ಲ ಧರ್ಮದವರದ್ದೂ, ಸರ್ಕಾರದ್ದೂ ಸೇರಿ ಒಂಬತ್ತೂವರೆ ಸಾವಿರ ಸಂಸ್ಥೆಗಳು, ಸುಮಾರು 3 ಲಕ್ಷ 70 ಸಾವಿರ ಮಕ್ಕಳು. ಅದರಲ್ಲಿ ಅನಾಥರು ಎಷ್ಟು ಗೊತ್ತಾ? 42 ಸಾವಿರದ ಹತ್ತಿರ. ತಂದೆ ಅಥವಾ ತಾಯಿ ಒಬ್ಬರು ಮಾತ್ರ ಇದ್ದ ಮಕ್ಕಳು ಒಂದು ಲಕ್ಷ 20 ಸಾವಿರ! ಈ ಮಕ್ಕಳಿಗೆ ಇಲ್ಲದಿದ್ದದ್ದು ಅವ್ವ ಅಲ್ಲ, ಅವ್ವನ ಕೈಯಲ್ಲಿ ಕಾಸು.

ಮಿಷನ್ನಿನವರು ಹೆಮ್ಮೆಯಿಂದ ಹೆಸರು ಹೇಳುವ ಪಂಡಿತಾ ರಮಾಬಾಯಿಯವರನ್ನೇ ತಗೊಳ್ಳಿ. 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಊರೂರು ಪುರಾಣ ಓದುತ್ತಾ ಅಲೆದ ಕುಟುಂಬ. ಬರದ ಹಸಿವಿನಲ್ಲಿ ಅಪ್ಪ, ಅಮ್ಮ, ಅಕ್ಕ ಎಲ್ಲರನ್ನೂ ಕಳೆದುಕೊಂಡರು. ಆಮೇಲೆ ಅಣ್ಣ ಹೋದ. ಮದುವೆಯಾದರು, ಎರಡು ವರ್ಷದೊಳಗೆ 1882ರಲ್ಲಿ ಗಂಡ ಹೋದ, ಕೈಯಲ್ಲಿ ಎಳೇ ಮಗಳು. ಅನಾಥೆಯೂ ಅವರೇ, ವಿಧವೆಯೂ ಅವರೇ! ಅದಕ್ಕೇ ಇರಬೇಕು, ಪುಣೆ ಹತ್ತಿರದ ಕೆಡಗಾಂವ್‌ನಲ್ಲಿ ಅವರು ಕಟ್ಟಿದ ಮುಕ್ತಿ ಮಿಷನ್‌ನಲ್ಲಿ ವಿಧವೆಯರೂ ಅನಾಥರೂ ಒಂದೇ ಆವರಣದಲ್ಲಿದ್ದರು. 1896-97ರ ಬರದಲ್ಲಿ ತಾವೇ ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಅವರು ಯಾಕೋಬನ ಮಾತನ್ನು ಕತ್ತರಿಸಲಿಲ್ಲ.

ರಮಾಬಾಯಿಯವರ ಮೇಲೂ ಆಪಾದನೆ ಬಂತು ಅನ್ನೋದನ್ನ ಮುಚ್ಚಿಡಬಾರದು. 1893ರಲ್ಲಿ ಅವರ ಶಾರದಾ ಸದನದ ಹುಡುಗಿಯರು ಅವರ ಪ್ರಾರ್ಥನೆಗೆ ಬಂದು ಕೂರುತ್ತಾರೆ ಅಂತ ಗಲಾಟೆಯಾಯಿತು, ತಿಲಕರ 'ಕೇಸರಿ' ಕಿಡಿಕಾರಿತು, ಸಲಹಾ ಮಂಡಳಿಯ ಹಿಂದೂ ಸದಸ್ಯರು ಬಿಟ್ಟುಹೋದರು, ಕೆಲವು ಮನೆಯವರು ತಮ್ಮ ಹುಡುಗಿಯರನ್ನು ಕರೆದುಕೊಂಡು ಹೋದರು. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಕೊನೆಯ ವಿಷಯ. ಬೇಡ ಅನ್ನಿಸಿದಾಗ ಕರೆದುಕೊಂಡು ಹೋಗಲು ಆ ಹುಡುಗಿಯರಿಗೆ ಮನೆಯವರಿದ್ದರು. ನಿಜವಾದ ಅನಾಥ ಮಗುವಿಗೆ ಯಾರಿದ್ದಾರೆ? ನಮ್ಮ ಸಂವಿಧಾನದ 28ನೇ ವಿಧಿಯ ಮೂರನೇ ಖಂಡ, ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಿಕ್ಷಣ ಸಂಸ್ಥೆಯಲ್ಲಿ ಚಿಕ್ಕ ಮಕ್ಕಳನ್ನು ಪಾಲಕರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸಬಾರದು ಅನ್ನುತ್ತದೆ. ಒಳ್ಳೆಯದೇ. ಆದರೆ ಹೋಮಿನಲ್ಲಿರುವ ಮಗುವಿಗೆ ಪಾಲಕ ಯಾರು? ಆ ಹೋಮೇ! ಒಪ್ಪಿಗೆ ಕೇಳುವವರೂ ಅವರೇ, ಕೊಡುವವರೂ ಅವರೇ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿ, ಮನೆಯಿಂದ ಹೊರಗಾದ ಮಗುವನ್ನು ಎಲ್ಲಿ ಬೆಳೆಸಬೇಕು ಅನ್ನುವಾಗ ಅದರ ಧರ್ಮ, ಭಾಷೆ, ಸಂಸ್ಕೃತಿ ಕಡಿದುಹೋಗದಂತೆ ಗಮನವಿಡಿ ಅನ್ನುತ್ತದೆ. ಅಜ್ಜಿಯ ತೆಲುಗು ಅದರೊಳಗೆ ಬರುತ್ತೆ ಅಂತ ನಾನು ತಿಳಿದಿದ್ದೇನೆ.

ನಾನು ವಿಶ್ವಾಸಿ. ಹೇಳದೆ ಇರಲಾರೆ. ಊಟದ ತಟ್ಟೆ ಮುಂದಿಟ್ಟು ಎಂಟು ವರ್ಷದ ಹುಡುಗನಿಗೆ ದೀಕ್ಷಾಸ್ನಾನ ಕೊಟ್ಟರೆ ಅವನು ಕ್ರಿಸ್ತನನ್ನು ಒಪ್ಪಿಕೊಂಡ ಹಾಗಲ್ಲ, ವಾರ್ಡನ್ನನ್ನು ಒಪ್ಪಿಕೊಂಡ ಹಾಗೆ. ನಾನು ಹತ್ತೊಂಬತ್ತನೇ ವಯಸ್ಸಿನಲ್ಲಿ, ಮನೆಯವರ ಬೈಗುಳದ ನಡುವೆ, ಯಾರ ಋಣವೂ ಇಲ್ಲದೆ ಸಭೆಗೆ ಹೋದವನು. ಆ ಹುಡುಗನಿಗೂ ಆ ಸ್ವಾತಂತ್ರ್ಯ ಉಳಿಯಬೇಕಿತ್ತು. ಅವನು ಈಗ ದೇವರು ಅಂದರೇನೇ ಎದ್ದು ಹೋಗುತ್ತಾನೆ, ಮನೆದೇವರಾದರೂ ಅಷ್ಟೇ, ನನ್ನ ದೇವರಾದರೂ ಅಷ್ಟೇ.

ಇಷ್ಟು ಓದಿ ಕೆಲವರು ಚಪ್ಪಾಳೆ ತಟ್ಟುತ್ತಿರಬಹುದು. ನೋಡಿ, ಕ್ರೈಸ್ತನೇ ಒಪ್ಪಿಕೊಂಡ, ಮತಾಂತರ ಮತಾಂತರ ಅಂತ. ತಡೀರಿ, ನಿಮಗೂ ಇದೆ.

2021ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಹೊಸದುರ್ಗದ ಶಾಸಕರು ವಿಧಾನಸಭೆಯಲ್ಲಿ ಎದ್ದು ನಿಂತು ತಮ್ಮ ತಾಯಿಯೇ ಮತಾಂತರ ಆಗಿದ್ದರು ಅಂದರು, ರಾಜ್ಯವೆಲ್ಲ ಅದೇ ಮಾತು. 2022ರಲ್ಲಿ ಕಾಯ್ದೆ ಬಂತು. ಧಾರ್ಮಿಕ ಸಂಸ್ಥೆಯವರ ಶಾಲೆಯಲ್ಲಿ ಉಚಿತ ಶಿಕ್ಷಣ ಕೊಡುವುದನ್ನೂ 'ಆಮಿಷ'ದ ಪಟ್ಟಿಗೆ ಸೇರಿಸಿದರು. 2023ರ ಜೂನ್‌ನಲ್ಲಿ ಮುಂದಿನ ಸರ್ಕಾರದ ಸಂಪುಟ ಅದನ್ನು ವಾಪಸ್ ಪಡೆಯಲು ತೀರ್ಮಾನಿಸಿತು. ಇಷ್ಟೆಲ್ಲಾ ಆಗುವಾಗ ನಮ್ಮ ಕೇರಿಯ ಆ ಅಜ್ಜಿಯ ಮನೆಗೆ ಒಬ್ಬರಾದರೂ ಬಂದರೇ? ಆಮಿಷ ಆಮಿಷ ಅಂತ ಕೂಗಿದವರು ಒಂದು ಸೇರು ರಾಗಿಯ ಆಮಿಷವನ್ನಾದರೂ ಒಡ್ಡಬಾರದಿತ್ತೇ?

ನಮ್ಮ ಊರಿನವರಿಗೂ ಒಂದು ಮಾತು. ನನ್ನಿವಾಳ ಮ್ಯಾಸನಾಯಕರ ಕಟ್ಟೆಮನೆ ಇರುವ ಊರು. ನಮ್ಮ ಸೀಮೆಯಲ್ಲಿ ದೇವರ ಎತ್ತುಗಳಿವೆ, ನೊಗ ಕಾಣದ ಎತ್ತುಗಳು, ಕಾಯಲು ಕಿಲಾರಿಗಳು. ಬರ ಬಿದ್ದಾಗ ದೇವರ ಎತ್ತಿಗೆ ಮೇವಿಲ್ಲ ಅಂದರೆ ಎಲ್ಲೆಲ್ಲಿಂದಲೋ ಹುಲ್ಲಿನ ಲೋಡು ಬರುತ್ತೆ. ಬರಲಿ, ಆ ಸಂಪ್ರದಾಯದ ಮೇಲೆ ನನಗೆ ಗೌರವ ಇದೆ, ನಮ್ಮಪ್ಪನೂ ಹುಲ್ಲು ಕೊಟ್ಟವನೇ. ಎತ್ತಿಗೆ ಕಿಲಾರಿಯನ್ನು ಇಟ್ಟ ಜನ ನಾವು. ಅಪ್ಪನಿಲ್ಲದ ಎರಡು ಮಕ್ಕಳಿಗೆ ಇಡೀ ಕೇರಿ ಸೇರಿ ಒಂದು ಹೊತ್ತಿನ ಮುದ್ದೆ ಹೊಂದಿಸಲು ಆಗಲಿಲ್ಲ ಅನ್ನೋದನ್ನ ಯಾವ ಪಾಸ್ಟರ್ ತಲೆಗೆ ಕಟ್ಟೋಣ?

ಹಾಗಾದರೆ ಏನು ಮಾಡಬೇಕು, ಬೈದಿದ್ದಾಯಿತಲ್ಲ ಅಂತೀರಾ.

ಕೇಂದ್ರದ ಮಿಷನ್ ವಾತ್ಸಲ್ಯ ಅಂತ ಯೋಜನೆ ಇದೆ (ಹೆಸರಲ್ಲಿ ಮಿಷನ್ ಇದೆ ಅಂತ ಯಾರೂ ಗಾಬರಿಯಾಗಬೇಡಿ, ಅದು ಸರ್ಕಾರದ್ದು). 2022ರ ಅದರ ಮಾರ್ಗಸೂಚಿಯ ಪ್ರಕಾರ ತಾಯಿ ವಿಧವೆಯಾಗಿದ್ದರೆ, ಅಥವಾ ಅನಾಥ ಮಗು ಬಂಧುಗಳ ಮನೆಯಲ್ಲಿದ್ದರೆ, ಮಗುವಿನ ಖರ್ಚಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಸಿಗುತ್ತದೆ. ಹಳ್ಳಿಯಲ್ಲಿ ಕುಟುಂಬದ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು. ಮಗು ಮನೆಯಲ್ಲೇ ಇರುತ್ತೆ. ಆದರೆ ಅದಕ್ಕೆ ಗಂಡನ ಮರಣ ಪ್ರಮಾಣಪತ್ರ ಬೇಕು, ಆದಾಯ ಪ್ರಮಾಣಪತ್ರ ಬೇಕು, ಆಧಾರ್, ಬ್ಯಾಂಕ್ ಪಾಸ್‌ಬುಕ್, ಶಾಲೆಯ ಕಾಗದ. ಚಿತ್ರದುರ್ಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ತನಕ ಓಡಾಟ. ಸಹಿ ಹಾಕಲು ಬಾರದ ಅಜ್ಜಿ ಎಲ್ಲಿಗೆ ಅಂತ ಹೋಗುತ್ತಾಳೆ? ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು, ಸಾಹೇಬರಿಲ್ಲ ನಾಳೆ ಬಾ ಅನ್ನಿಸಿಕೊಂಡು ವಾಪಸ್ ಬರುತ್ತಾಳೆ. ಎರಡು ಸಲ ಹಾಗಾದರೆ ಬೊಲೆರೊ ಹತ್ತಿಸುತ್ತಾಳೆ.

ಪಾಸ್ಟರ್ ಅವರೇ, ನಿಮ್ಮ ಹತ್ತಿರ ಬೊಲೆರೊ ಇದೆ. ಓದಲು ಬರೆಯಲು ಬರುವ ಹುಡುಗರಿದ್ದಾರೆ. ಲೆಕ್ಕಪತ್ರದವರೂ ಇದ್ದಾರೆ! ಮೂವತ್ತು ಮಕ್ಕಳ ಹೋಮಿಗೆ ಹಾಕುವ ದುಡ್ಡಲ್ಲಿ ಎಷ್ಟು ಅಜ್ಜಿಯರನ್ನು ಆಫೀಸಿಗೆ ಕರೆದುಕೊಂಡು ಹೋಗಿ ಬರಬಹುದು, ಎಷ್ಟು ತಾಯಂದಿರಿಗೆ ಊರಲ್ಲೇ ಎರಡು ಮೇಕೆ ಕೊಡಿಸಬಹುದು, ಲೆಕ್ಕ ಹಾಕಿ. ಇದರಲ್ಲಿ ಫೋಟೋ ಬರಲ್ಲ, ನಿಜ. ಕ್ಯೂನಲ್ಲಿ ನಿಂತ ಮುದುಕಿಯ ಫೋಟೋ ನೋಡಿ ಯಾರೂ ಡಾಲರ್ ಕಳಿಸಲ್ಲ. ಕಂಪ್ಯಾಶನ್ ಇಂಟರ್‌ನ್ಯಾಷನಲ್‌ನವರ ಕಥೆ ನಿಮಗೂ ಗೊತ್ತಿರಬೇಕು. ವಿದೇಶಿ ಹಣಕ್ಕೆ ತಡೆ ಬಿದ್ದು 2017ರ ಮಾರ್ಚ್‌ನಲ್ಲಿ ಭಾರತ ಬಿಟ್ಟಾಗ ಅವರ ಪಟ್ಟಿಯಲ್ಲಿ ಸುಮಾರು 1 ಲಕ್ಷ 45 ಸಾವಿರ ಮಕ್ಕಳಿದ್ದರು. ಆದರೆ ಆ ಮಕ್ಕಳು ಸಾಮಾನ್ಯವಾಗಿ ತಮ್ಮ ತಮ್ಮ ಮನೆಗಳಲ್ಲೇ ಇದ್ದರು. ಹಣ ನಿಂತರೂ ಅವ್ವ ನಿಲ್ಲಲಿಲ್ಲ. ನಮ್ಮ ಹುಡುಗನಿಗೆ ಹಣ ನಿಂತ ದಿನ ಎಲ್ಲವೂ ನಿಂತಿತು.

ನಿಜವಾಗಲೂ ಯಾರೂ ಇಲ್ಲದ ಮಗು ಇರುತ್ತದೆ, ಇದ್ದವರೇ ಹಿಂಸೆ ಕೊಡುವ ಮನೆಗಳೂ ಇವೆ. ಆಗ ಹೋಮು ಬೇಕು, ಬೇಡ ಅಂದವರು ಯಾರು? ಅದಕ್ಕೆ ಬಾಲನ್ಯಾಯ ಕಾಯ್ದೆ 2015 ಇದೆ. ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿ, ಎಲ್ಲಿ ಇಡಬೇಕು ಅಂತ ಅವರು ತೀರ್ಮಾನಿಸಲಿ. ಹೋಮು ನೋಂದಣಿ ಆಗಿರಬೇಕು. ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಅಂತ ಆ ಕಾಯ್ದೆಯೇ ಹೇಳುತ್ತದೆ. ಮನೆ ಮನೆಗೆ ಕ್ಯಾಮೆರಾ ಹಿಡಿದು ಹೋಗಿ ಮೂವತ್ತು ಬೇಕು ಅನ್ನುವ ದಾರಿ ಅದರಲ್ಲಿ ಎಲ್ಲೂ ಇಲ್ಲ.

ಆ ಹುಡುಗನ ಅವ್ವ ಈಗಲೂ ಬೆಂಗಳೂರಲ್ಲೇ ಇದ್ದಾಳೆ. ಹಬ್ಬಕ್ಕೆ ಬರುತ್ತಾಳೆ. ಅವನು ಶಾಲೆ ಬಿಟ್ಟು ಚಳ್ಳಕೆರೆಯಲ್ಲಿ ಗ್ಯಾರೇಜಿಗೆ ಹೋಗುತ್ತಿದ್ದಾನೆ. ನನ್ನನ್ನು ಕಂಡರೆ ತಲೆ ಅಲ್ಲಾಡಿಸುತ್ತಾನೆ, ನಿಲ್ಲುವುದಿಲ್ಲ. ತಂಗಿ ಏಳನೇ ಕ್ಲಾಸು. ಬೊಲೆರೊದವರು ಅವಳನ್ನೇ ಮೊದಲು ಕೇಳಿದ್ದು. ಅವಳ ಅಪ್ಪನ ಮರಣ ಪ್ರಮಾಣಪತ್ರ ಹೋದ ವಾರ ಕೈಗೆ ಬಂತು, ಹೆಸರಲ್ಲಿ ಒಂದಕ್ಷರ ತಪ್ಪಿದೆ. ಸೋಮವಾರ ಅಜ್ಜಿಯನ್ನು ಕರೆದುಕೊಂಡು ಅದನ್ನು ತಿದ್ದಿಸಬೇಕು, ಆಮೇಲೆ ನಾಡಕಚೇರಿಗೆ ಹೋಗಿ ಆದಾಯದ ಅರ್ಜಿ ಕೊಡಬೇಕು. ತಾಯಿಯ ಹೆಸರಿನ ಮುಂದೆ ಈ ಸಲ ಏನು ಬರೆಯುತ್ತಾರೆ ಅಂತ ಪಕ್ಕದಲ್ಲೇ ನಿಂತು ನೋಡುತ್ತೇನೆ.